ಮೊದಲ ಸಿಗರೇಟಿಗೆ ಮುಂಚಿನ ಹತ್ತು ಸೆಕೆಂಡು: ತಂಬಾಕು ವಿರೋಧಿ ಪ್ರಚಾರ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ, ಇಂಥ ಜಾಹೀರಾತುಗಳಿಗೆ ಹಣ ಕೊಡುವ ಮತ್ತು ಅವನ್ನು ತಯಾರಿಸುವ ಎಲ್ಲರಿಗೆ

ಮಾನ್ಯರೇ,

ಕಾಲೇಜಿನ ಗೇಟಿನಿಂದ ಒಂದು ತಿರುವು ದಾಟಿದರೆ ಚಹಾದಂಗಡಿ, ಅದಕ್ಕೆ ಅಂಟಿಕೊಂಡು ಒಂದು ಗೂಡಂಗಡಿ. ದಾರಕ್ಕೆ ಕಟ್ಟಿದ ಲೈಟರು ಕಂಬದಲ್ಲಿ ನೇತಾಡುತ್ತಿರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕೈದು ಹುಡುಗರು ಬಂದು ನಿಲ್ಲುತ್ತಾರೆ. ಒಬ್ಬ ಚಿಲ್ಲರೆ ಕೊಟ್ಟು ಒಂದೇ ಒಂದು ಸಿಗರೇಟು ಕೊಳ್ಳುತ್ತಾನೆ, ಹಚ್ಚುತ್ತಾನೆ, ಎರಡು ಸಲ ಎಳೆದು ಪಕ್ಕದವನ ಕಡೆ ಚಾಚುತ್ತಾನೆ: "ಒಂದೇ ಧಮ್ ಮಗಾ, ಏನಾಗಲ್ಲ." ಪಕ್ಕದವನು ಅದನ್ನು ತೆಗೆದುಕೊಳ್ಳುತ್ತಾನೋ ಬಿಡುತ್ತಾನೋ ಎನ್ನುವುದು ಹತ್ತು ಸೆಕೆಂಡಿನೊಳಗೆ ತೀರ್ಮಾನವಾಗಿಬಿಡುತ್ತದೆ. ಎಲ್ಲರೂ ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಅವನಿಗೆ ಕ್ಯಾನ್ಸರ್ ನೆನಪಾಗುವುದಿಲ್ಲ, ಪಕ್ಕದವರ ಕಣ್ಣು ಮಾತ್ರ ಕಾಣುತ್ತದೆ.

ನಾವು ತಂಬಾಕು ನಿಯಂತ್ರಣ ಮತ್ತು ಆರೋಗ್ಯ ಸಂವಹನದ ಕೆಲಸದಲ್ಲಿರುವವರು. ಹದಿಹರೆಯದವರಿಗಾಗಿ ಮಾಡುವ ಪ್ರಚಾರ ಆ ಹತ್ತು ಸೆಕೆಂಡಿಗೆ ಒದಗಬೇಕು ಎನ್ನುವುದೊಂದೇ ನಮ್ಮ ಮಾತು. ಈಗ ನಡೆಯುತ್ತಿರುವ ಬಹುಪಾಲು ಪ್ರಚಾರ ಒದಗುತ್ತಿಲ್ಲ. ಯಾಕೆ ಒದಗುತ್ತಿಲ್ಲ, ಒದಗಬೇಕಾದರೆ ಏನು ಮಾಡಬೇಕು ಎನ್ನುವುದನ್ನು ಲೆಕ್ಕ ಸಮೇತ ಹೇಳಲು ಈ ಪತ್ರ.

ಮೇಲಿನ ದೃಶ್ಯದಲ್ಲಿ ಇನ್ನೊಂದು ಸಂಗತಿ ಗಮನಿಸಿ. ಪ್ಯಾಕೆಟ್ಟು ಅಂಗಡಿಯವನ ಹತ್ತಿರವೇ ಉಳಿಯಿತು. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರಕ್ಕೆ ಕಾಯ್ದಿರಿಸಿದ್ದೇವೆ. ಅದಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದೇವೆ. ಆದರೆ ಬಿಡಿ ಸಿಗರೇಟು ಕೊಳ್ಳುವ ಹುಡುಗನ ಕೈಗೆ ಆ ಚಿತ್ರ ಬರುವುದೇ ಇಲ್ಲ. ಅವನ ಕೈಗೆ ಬರುವುದು ಬಿಳಿ ಕಾಗದ ಸುತ್ತಿದ, ಯಾವ ಎಚ್ಚರಿಕೆಯೂ ಬರೆದಿಲ್ಲದ ಒಂದು ಕೊಳವೆ.

ಮೊದಲನೆಯದಾಗಿ, ನಾವು ಯಾರೊಂದಿಗೆ ಮಾತನಾಡಬೇಕು? 13ರಿಂದ 15 ವಯಸ್ಸಿನ ಶಾಲಾ ಮಕ್ಕಳಲ್ಲಿ 2019ರಲ್ಲಿ ನಡೆದ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 8.5ರಷ್ಟು ಮಕ್ಕಳು ಯಾವುದಾದರೊಂದು ರೂಪದ ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಅದು ಶೇ 1.2, ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಒಂದು. ಸಂತೋಷ. ಆದರೆ 2016-17ರ ವಯಸ್ಕರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ 22.8. ಎರಡೂ ಬೇರೆ ಬೇರೆ ತಲೆಮಾರಿನ ಲೆಕ್ಕ, ಶಾಲೆ ಬಿಟ್ಟ ಮಕ್ಕಳು ಮೊದಲ ಸಮೀಕ್ಷೆಯಲ್ಲಿ ಇಲ್ಲ ಎನ್ನುವುದನ್ನೆಲ್ಲ ಒಪ್ಪಿಕೊಂಡರೂ, 1.2ಕ್ಕೂ 22.8ಕ್ಕೂ ನಡುವೆ ಇರುವ ವರ್ಷಗಳಲ್ಲೇ ಚಟ ಹತ್ತುತ್ತಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ದೇಶದ ಮಟ್ಟದಲ್ಲಿ ತಂಬಾಕು ಶುರುಮಾಡುವ ಸರಾಸರಿ ವಯಸ್ಸು 18.9 ಎಂದು ಅದೇ ವಯಸ್ಕರ ಸಮೀಕ್ಷೆ ಹೇಳಿದೆ. ಅಂದರೆ ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿಯ ಮೊದಲ ವರ್ಷ. ಓದು ಬಿಟ್ಟವರಾದರೆ ಗ್ಯಾರೇಜು, ಹೋಟೆಲು, ಕಟ್ಟಡ ಕೆಲಸ.

ನಮ್ಮ ಪ್ರಚಾರ ಎಲ್ಲಿ ನಡೆಯುತ್ತದೆ? ಹೈಸ್ಕೂಲಿನಲ್ಲಿ. ಯಾವಾಗ? ಮೇ 31ರಂದು, ವಿಶ್ವ ತಂಬಾಕು ರಹಿತ ದಿನ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯುತ್ತಿರುವ ಹೊತ್ತು, ಪಿಯು ಮೊದಲ ವರ್ಷದ ತರಗತಿಗಳು ಸರಿಯಾಗಿ ಕೂಡಿಯೇ ಇರುವುದಿಲ್ಲ. ಜಾಥಾ, ಪ್ರಬಂಧ ಸ್ಪರ್ಧೆ, ಪ್ರತಿಜ್ಞೆ, ಫೋಟೋ. ಜೂನ್ 1ಕ್ಕೆ ಬ್ಯಾನರು ಮಡಚಿಡುತ್ತೇವೆ. ಹೊಸ ಕಾಲೇಜು, ಹೊಸ ಗೆಳೆಯರು, ಹೊಸ ಹಾಸ್ಟೆಲ್ಲು ಸೇರಿ ಆ ಹತ್ತು ಸೆಕೆಂಡುಗಳನ್ನು ಹುಟ್ಟಿಸುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಪ್ರಚಾರದ ತೂಕ ಬೀಳಬೇಕಾದದ್ದು ಅಲ್ಲಿ. ಎರಡನೆಯ ಸಲ ಡಿಸೆಂಬರ್ ಕೊನೆ ವಾರದಲ್ಲಿ, ಮೂರನೆಯ ಸಲ ಪರೀಕ್ಷೆ ಮುಗಿದ ರಜೆಯಲ್ಲಿ.

ಇನ್ನು ಸಂದೇಶ. ಸಿನಿಮಾ ಮಂದಿರದಲ್ಲಿ 2012ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದಂತೆ ಚಿತ್ರದ ಆರಂಭದಲ್ಲಿ ಮತ್ತು ನಡುವೆ 30 ಸೆಕೆಂಡಿನ ಆರೋಗ್ಯ ಜಾಹೀರಾತು, 20 ಸೆಕೆಂಡಿನ ಎಚ್ಚರಿಕೆ, ಸೇದುವ ದೃಶ್ಯ ಬಂದಾಗ ಕೆಳಗೊಂದು ಸಾಲು. 2023ರ ಸೆಪ್ಟೆಂಬರ್ 1ರಿಂದ ಇದು ಒಟಿಟಿಗೂ ಅನ್ವಯ. ಆ ಜಾಹೀರಾತುಗಳು ಕೆಟ್ಟವಲ್ಲ. ಈಗಾಗಲೇ ಸೇದುವ ಮೂವತ್ತೈದರ ಗಂಡಸನ್ನು ಬಿಡುವಂತೆ ಮಾಡಲು ರೋಗಿಯ ಮುಖ, ಶ್ವಾಸಕೋಶದ ಟಾರು ಕೆಲಸ ಮಾಡುತ್ತವೆ. ಆದರೆ ಹದಿನೇಳರ ಹುಡುಗನ ಲೆಕ್ಕದಲ್ಲಿ ಐವತ್ತು ವಯಸ್ಸು ಎನ್ನುವುದು ಬೇರೊಬ್ಬರ ಆಯಸ್ಸು. ಜೊತೆಗೆ ಅವನು ತನ್ನನ್ನು ‘ಸಿಗರೇಟು ಸೇದುವವನು’ ಎಂದು ಎಣಿಸಿಕೊಂಡೇ ಇಲ್ಲ. ಗೆಳೆಯರ ಜೊತೆ ಯಾವಾಗಲೋ ಒಂದು ಧಮ್, ಅಷ್ಟೇ. ಹಾಗಾಗಿ ಪರದೆಯ ಮೇಲಿನ ಮಾತು ತನಗಲ್ಲ ಎಂದುಕೊಂಡು ಪಾಪ್‌ಕಾರ್ನಿಗೆ ಕೈ ಹಾಕುತ್ತಾನೆ.

ಅವನಿಗೆ ತಟ್ಟುವ ಸತ್ಯಗಳು ಬೇರೆ. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಮಿದುಳಿನ ಬೆಳವಣಿಗೆ ಸುಮಾರು 25ರವರೆಗೂ ನಡೆದಿರುವುದರಿಂದ ಈ ವಯಸ್ಸಿನಲ್ಲಿ ಹಿಡಿತ ಬೇಗ ಬಿಗಿಯುತ್ತದೆ. ದಿನಾ ಸೇದುವ ಮಟ್ಟಕ್ಕೆ ಹೋಗುವ ಮೊದಲೇ ಕೆಲವರಲ್ಲಿ ‘ಬೇಕು’ ಎನ್ನುವ ತುಡಿತ ಕಾಣಿಸಿಕೊಳ್ಳುತ್ತದೆ. ಯಾರ ಮಾತೂ ಕೇಳದ ವಯಸ್ಸಿನಲ್ಲಿ ಒಂದು ಎಲೆಯ ಮಾತು ಕೇಳುವಂತಾಗುವುದು: ಸಾವಿಗಿಂತ ಈ ವಿಷಯ ಅವರಿಗೆ ನಾಟುತ್ತದೆ. ಎರಡನೆಯದು ಉಸಿರು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ದಮ್ಮು ಕಟ್ಟುತ್ತದೆ. ಕಬಡ್ಡಿಯಲ್ಲಿ ಒಂದು ರೈಡಿಗೆ ಸಿಗುವುದು 30 ಸೆಕೆಂಡು. ಒಂದು ಜಾಹೀರಾತಿನ ಅವಧಿಯೂ 30 ಸೆಕೆಂಡು. ‘ಕಬಡ್ಡಿ ಕಬಡ್ಡಿ’ ಎನ್ನುವ ಒಂದೇ ಉಸಿರು ಪೂರ್ತಿ ಜಾಹೀರಾತನ್ನು ಹೊತ್ತೊಯ್ಯಬಲ್ಲದು. ಅದರಲ್ಲಿ ಸಿಗರೇಟನ್ನು ತೋರಿಸುವ ಅಗತ್ಯವೇ ಇಲ್ಲ.

ತೋರಿಸಲೂಬಾರದು. ಉರಿಯುವ ತುದಿ, ಸುರುಳಿ ಹೊಗೆ, ನಿಧಾನವಾಗಿ ಎಳೆಯುವ ಮುಖ ಇವೆಲ್ಲ ಈಗಾಗಲೇ ಸೇದುವವರಲ್ಲಿ ಆಸೆ ಕೆರಳಿಸುತ್ತವೆ, ಸೇದದವರಿಗೆ ಹೇಗೆ ಹಿಡಿಯಬೇಕೆಂದು ಕಲಿಸುತ್ತವೆ. ಕ್ಯಾಮೆರಾಮನ್‌ಗೆ ಹಿಂಬೆಳಕಿನಲ್ಲಿ ಹೊಗೆ ಚಂದ ಕಾಣುತ್ತದೆ, ಅಲ್ಲೇ ತೊಂದರೆ ಶುರು. ಹಾಗೆಯೇ ‘ಇಂದಿನ ಯುವಜನತೆ ಚಟಕ್ಕೆ ಬಲಿ’ ಎನ್ನುವ ವಾಕ್ಯವನ್ನು ದಯವಿಟ್ಟು ಕೈಬಿಡಿ. ಎಲ್ಲರೂ ಸೇದುತ್ತಿದ್ದಾರೆ ಎಂದು ಕೇಳಿದವನಿಗೆ ತಾನೊಬ್ಬನೇ ಹಿಂದೆ ಉಳಿದೆ ಅನ್ನಿಸುತ್ತದೆ. ನಮ್ಮ ಕೈಯಲ್ಲಿರುವ ಸತ್ಯ ಇದಕ್ಕೆ ತದ್ವಿರುದ್ಧ: ಹೈಸ್ಕೂಲಿನ ನೂರು ಮಕ್ಕಳಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ತಂಬಾಕು ಮುಟ್ಟುತ್ತಿಲ್ಲ. ಪಿಯು ಓದುವವರಿಗೂ ಇಂಥದೇ ಒಂದು ಅಂಕಿಯನ್ನು ಜಿಲ್ಲಾವಾರು ತೆಗೆಸಿ ಹೇಳಿದರೆ ಆ ಚಹಾದಂಗಡಿಯಲ್ಲಿ ‘ಬೇಡ’ ಎನ್ನುವವನು ಒಂಟಿಯಾಗುವುದಿಲ್ಲ.

ವಯಸ್ಸಿನ ಮಾತು ಇನ್ನೂ ಸೂಕ್ಷ್ಮ. ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಮೇಲೆ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ. ಒಳ್ಳೆಯ ಕಾಯ್ದೆ. ಆದರೆ ‘21 ತುಂಬುವವರೆಗೆ ಬೇಡ’ ಎಂದು ಹುಡುಗರಿಗೆ ಜಾಹೀರಾತು ಕೊಟ್ಟರೆ ಸಿಗರೇಟು ದೊಡ್ಡವನಾದ ಗುರುತಾಗಿಬಿಡುತ್ತದೆ. ಅಮೆರಿಕದಲ್ಲಿ ಇದು ನಡೆದುಹೋಗಿದೆ. 1998ರಲ್ಲಿ ಫಿಲಿಪ್ ಮಾರಿಸ್ ಸಿಗರೇಟು ಕಂಪನಿಯೇ ‘ಥಿಂಕ್. ಡೋಂಟ್ ಸ್ಮೋಕ್.’ ಎಂಬ ಯುವಜನ ಪ್ರಚಾರ ಆರಂಭಿಸಿತು. ಯೋಚಿಸು, ಸೇದಬೇಡ, ಅಷ್ಟೇ. ಯಾಕೆ ಎನ್ನುವುದು ಇಲ್ಲ, ಮಾರುವವರು ಯಾರು ಎನ್ನುವುದೂ ಇಲ್ಲ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಜಾಹೀರಾತು ನೋಡಿದ ಮಕ್ಕಳು ಮುಂದೆ ಸೇದಬಹುದೆಂಬ ಯೋಚನೆಗೆ ಹೆಚ್ಚು ತೆರೆದುಕೊಂಡಿದ್ದು ಕಂಡುಬಂತು. ‘ಮಕ್ಕಳೊಂದಿಗೆ ಮಾತನಾಡಿ’ ಎಂದು ಅಪ್ಪ ಅಮ್ಮಂದಿರಿಗೆ ಹೇಳಿದ ಕಂಪನಿ ಜಾಹೀರಾತುಗಳ ಮೇಲೆ 2006ರಲ್ಲಿ ಬಂದ ಅಧ್ಯಯನದಲ್ಲೂ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಪರಿಣಾಮ ಉಲ್ಟಾ ಹೊಡೆದಿತ್ತು. ಆದ್ದರಿಂದ 21ರ ಕಾಯ್ದೆಯ ಜಾಹೀರಾತು ಅಂಗಡಿಯವರಿಗೆ ಹೋಗಲಿ: ಯಾವ ಗುರುತಿನ ಚೀಟಿ ಕೇಳಬೇಕು, ಬಿಡಿ ಮಾರಿದರೆ ಏನಾಗುತ್ತದೆ, ಬಾಗಿಲಲ್ಲಿ ಯಾವ ಫಲಕ ಇರಬೇಕು. ಮತ್ತು ತಂಬಾಕು ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಒಂದು ರೂಪಾಯಿಯನ್ನೂ ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಭಾರತ 2004ರಲ್ಲೇ ಒಪ್ಪಿಕೊಂಡ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಡಂಬಡಿಕೆಯ 5.3ನೇ ವಿಧಿ ತಂಬಾಕು ನೀತಿಯನ್ನು ಉದ್ಯಮದ ಹಿತಾಸಕ್ತಿಯಿಂದ ದೂರವಿಡಬೇಕೆನ್ನುವುದು ಇದೇ ಕಾರಣಕ್ಕೆ.

ಅದೇ ಅಮೆರಿಕದಲ್ಲಿ ಗೆದ್ದ ಪ್ರಚಾರವೂ ಇದೆ. ಫ್ಲಾರಿಡಾ ರಾಜ್ಯ ಸಿಗರೇಟು ಕಂಪನಿಗಳಿಂದ ಕೋರ್ಟು ರಾಜಿಯಲ್ಲಿ ಪಡೆದ ಹಣದಿಂದ 1998ರಲ್ಲಿ ‘ಟ್ರೂತ್’ ಎಂಬ ಪ್ರಚಾರ ಆರಂಭಿಸಿತು. ‘ಸೇದಬೇಡ’ ಎಂಬ ಉಪದೇಶ ಅದರಲ್ಲಿರಲಿಲ್ಲ. ಸಾಯುವ ಗಿರಾಕಿಗಳ ಜಾಗ ತುಂಬಲು ಕಂಪನಿಗಳಿಗೆ ನೀವು ಬೇಕು ಎನ್ನುವುದನ್ನು ಹದಿಹರೆಯದವರೇ ಹದಿಹರೆಯದವರಿಗೆ ಹೇಳಿದರು. ಬಂಡಾಯದ ವಯಸ್ಸಿನ ಸಿಟ್ಟು ಅಪ್ಪನ ಮೇಲೆ ಹೋಗುವ ಬದಲು ವ್ಯಾಪಾರಿಯ ಮೇಲೆ ಹೋಯಿತು. ಎರಡು ವರ್ಷದಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸೇದುವವರ ಪ್ರಮಾಣ ಶೇ 18.5ರಿಂದ 11.1ಕ್ಕೆ, ಹೈಸ್ಕೂಲುಗಳಲ್ಲಿ 27.4ರಿಂದ 22.6ಕ್ಕೆ ಇಳಿಯಿತು. 2000ದಲ್ಲಿ ಪ್ರಚಾರ ದೇಶವ್ಯಾಪಿಯಾದಾಗ, ತಂಬಾಕಿನಿಂದ ಅಲ್ಲಿ ದಿನಕ್ಕೆ ಸಾಯುವವರ ಸಂಖ್ಯೆಯಾದ 1,200 ಹೆಣದ ಚೀಲಗಳನ್ನು ನ್ಯೂಯಾರ್ಕಿನ ಕಂಪನಿ ಕಚೇರಿಯ ಮುಂದೆ ಸುರಿದು ಚಿತ್ರೀಕರಿಸಿದರು. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 13.5 ಲಕ್ಷ ಸಾವು. ದಿನಕ್ಕೆ ಭಾಗಿಸಿದರೆ 3,700ರ ಹತ್ತಿರ. ಅಷ್ಟು ಗಿರಾಕಿಗಳ ಖಾಲಿ ಜಾಗ ನಾಳೆ ಬೆಳಿಗ್ಗೆ ಯಾರಿಂದ ತುಂಬಬೇಕು ಎನ್ನುವ ಪ್ರಶ್ನೆಯನ್ನು ಯಾವ ಬ್ರಾಂಡಿನ ಹೆಸರೂ ಎತ್ತದೆ ಕೇಳಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಹೊಗೆಸೊಪ್ಪು ಬೆಳೆದು ಬದುಕುವ ಮನೆಗಳಿವೆ, ನಿಪ್ಪಾಣಿಯಲ್ಲಿ ಬೀಡಿ ತಂಬಾಕು, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು. ಅಲ್ಲಿನ ಕಾಲೇಜಿನಲ್ಲಿ ‘ತಂಬಾಕು ಪಾಪ’ ಎಂದರೆ ಮಗು ಕೇಳುವುದು ತನ್ನ ಮನೆಯ ನಿಂದೆಯನ್ನು. ಆ ತಾಲ್ಲೂಕುಗಳಿಗೆ ಬೇರೆ ಆವೃತ್ತಿ ಬೇಕು. ಹಸಿ ಎಲೆ ಮುಟ್ಟಿ ಕೆಲಸ ಮಾಡಿದವರಿಗೆ ಚರ್ಮದ ಮೂಲಕ ನಿಕೋಟಿನ್ ಏರಿ ತಲೆಸುತ್ತು, ವಾಂತಿ ಬರುವುದು ಅಲ್ಲಿನವರಿಗೆ ಗೊತ್ತಿರುವ ಅನುಭವ. ಬೆಳೆಯುವವನ ಮೈಗೂ ಸೇದುವವನ ಮೈಗೂ ಇಳಿಯುವುದು ಒಂದೇ ವಿಷ ಎಂದು ಅಲ್ಲಿಂದ ಮಾತು ಶುರುಮಾಡಿದರೆ ಯಾರಿಗೂ ಅವಮಾನವಿಲ್ಲ.

ಮಾತಿನ ಧಾಟಿಯೂ ಹಾಗೆಯೇ. ಬೆಂಗಳೂರಿನ ಸ್ಟುಡಿಯೋದಲ್ಲಿ ಹಿಂದಿಯಿಂದ ಅನುವಾದಿಸಿದ ಕನ್ನಡದಲ್ಲಿ ‘ಧೂಮಪಾನವನ್ನು ತ್ಯಜಿಸಿರಿ’ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಬಾಯಿಗೆ ಬರುವ ಒಂದು ವಾಕ್ಯ ಕೊಡಬೇಕು, ನಗುತ್ತಾ ಹೇಳಿ ಮಾತು ಮುಂದುವರಿಸುವಂಥದ್ದು. ಮೈಸೂರಿನ ಕಡೆ "ನಂಗ್ ಬೇಡ ಬಿಡೋ, ಚಾ ಹೇಳು", ಧಾರವಾಡದ ಕಡೆ "ಬ್ಯಾಡಲೇ, ನನಗ ಸೇರಂಗಿಲ್ಲ", ಮಂಗಳೂರಿನಲ್ಲಿ "ಬೇಡ ಮಾರಾಯ". ಕಲಬುರಗಿಗೆ ದಖನಿಯಲ್ಲೂ ಕರಾವಳಿಗೆ ತುಳು, ಬ್ಯಾರಿಯಲ್ಲೂ ಒಂದೊಂದು ಆವೃತ್ತಿ ಮಾಡಿಸಿ, ಧ್ವನಿ ಬದಲಿಸುವ ಖರ್ಚು ಚಿತ್ರೀಕರಣದ ಖರ್ಚಿನ ಮುಂದೆ ಅಲ್ಪ. ಹುಡುಗಿಯರ ವಿಷಯದಲ್ಲಿ ‘ಹೆಣ್ಣುಮಕ್ಕಳು ಸೇದಬಾರದು’ ಎಂಬ ಧ್ವನಿ ಸುಳಿದರೂ ಸಿಗರೇಟು ಸ್ವಾತಂತ್ರ್ಯದ ಬಾವುಟವಾಗುತ್ತದೆ. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೂ ದೇಶ 2019ರಲ್ಲೂ ನಿಷೇಧಿಸಿವೆ. ಅದರ ಜಾಹೀರಾತನ್ನು ಬೆಂಗಳೂರು, ಮಂಗಳೂರು, ಮಣಿಪಾಲದಂಥ ಕಡೆ ಮಾತ್ರ ಹಾಕಿ. ಅದನ್ನು ನೋಡಿಯೇ ಇಲ್ಲದ ಊರಿಗೆ ನಾವೇ ಪರಿಚಯಿಸುವುದು ಬೇಡ.

ಜಾಹೀರಾತು ಮುಗಿಸುವ ಮೊದಲು ಪರೀಕ್ಷೆ ಮಾಡಿ. ಚಿತ್ರೀಕರಣಕ್ಕೆ ಮುಂಚೆ ಬರೀ ರೇಖಾಚಿತ್ರ ಮತ್ತು ಧ್ವನಿ ಸೇರಿಸಿದ ಕಚ್ಚಾ ರೂಪವೇ ಸಾಕು. ಸರ್ಕಾರಿ ಪಿಯು, ಐಟಿಐ, ಖಾಸಗಿ ಕಾಲೇಜು, ಕೆಲಸಕ್ಕೆ ಹೋಗುವವರು: ಒಂದೊಂದರಲ್ಲಿ 6ರಿಂದ 8 ಜನರ ಗುಂಪು, ಹುಡುಗರು ಹುಡುಗಿಯರು ಬೇರೆ ಬೇರೆ, 18 ತುಂಬದವರಾದರೆ ಪೋಷಕರ ಒಪ್ಪಿಗೆ. ಮೇಷ್ಟ್ರು ಕೋಣೆಯಲ್ಲಿ ಇರಬಾರದು. ಎರಡು ಸಲ ತೋರಿಸಿ, ಮಾತಿಗೆ ಮುಂಚೆ ಉತ್ತರ ಬರೆಸಿಕೊಳ್ಳಿ. ಇಲ್ಲದಿದ್ದರೆ ಗುಂಪಿನಲ್ಲಿ ಜೋರು ಇರುವವನ ಅಭಿಪ್ರಾಯ ಎಲ್ಲರದ್ದೂ ಆಗುತ್ತದೆ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಇದು ಏನು ಹೇಳುತ್ತಿದೆ, ಯಾರು ಹೇಳುತ್ತಿರುವ ಹಾಗಿದೆ, ಯಾವ ಕ್ಷಣದಲ್ಲಿ ಮನಸ್ಸು ಆಚೆ ಹೋಯಿತು, ಗೆಳೆಯನಿಗೆ ಕಳಿಸುತ್ತೀಯಾ ಎಂದು ಕೇಳಿ. ಸೇದುವ ಪಾತ್ರದ ಬಗ್ಗೆ ಯಾರಾದರೂ ‘ಸಖತ್’ ಎಂದರೆ ಆ ದೃಶ್ಯ ಕಿತ್ತುಹಾಕಿ, ನಿರ್ದೇಶಕರು ಎಷ್ಟೇ ಬೇಸರಪಟ್ಟುಕೊಂಡರೂ ಸರಿ.

ಈಗ ಪ್ರಮಾಣ. ಒಳ್ಳೆಯ ಜಾಹೀರಾತುಗಳು ಸಾಯುವುದು ಇಲ್ಲೇ. ಮಾತ್ರೆಗೆ ಡೋಸ್ ಇದ್ದ ಹಾಗೆ ಪ್ರಚಾರಕ್ಕೂ ಡೋಸ್ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಹೇಳುವಂತೆ ಪ್ರತಿ ಮೂರು ತಿಂಗಳಲ್ಲಿ ಗುರಿಯ ಗುಂಪಿನ ಶೇ 75ರಿಂದ 85 ಮಂದಿಯನ್ನು ತಲುಪಬೇಕು. ಮೊದಲ ಮೂರು ತಿಂಗಳು 1,200 ರೇಟಿಂಗ್ ಪಾಯಿಂಟು, ಆಮೇಲೆ 800. ಈ ಪಾಯಿಂಟು ಎಂದರೆ ತಲುಪಿದ ಶೇಕಡಾವಾರು ಗುಣಿಸು ಎಷ್ಟು ಸಲ. ಶೇ 75 ಜನ, ಒಬ್ಬೊಬ್ಬರಿಗೆ ಸರಾಸರಿ 16 ಸಲ, ಗುಣಿಸಿದರೆ 1,200. ಒಂದು ವಾರ ಎಲ್ಲ ಚಾನೆಲಿನಲ್ಲಿ ಹಾಕಿ ನಿಲ್ಲಿಸಿದರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಜನ ಗುರುತಿಸಲು 6 ತಿಂಗಳು, ಧೋರಣೆ ಬದಲಾಗಲು 12ರಿಂದ 18, ನಡವಳಿಕೆ ಬದಲಾಗಲು 18ರಿಂದ 24 ತಿಂಗಳು ಬೇಕು. ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಮಿನೆಸೋಟ ರಾಜ್ಯ ಸಾಕ್ಷಿ. 2003ರಲ್ಲಿ ಅಲ್ಲಿ ಯುವಜನ ಪ್ರಚಾರಕ್ಕೆ ಹಣ ಕಡಿದರು. ಆರೇ ತಿಂಗಳಲ್ಲಿ ಪ್ರಚಾರದ ಅರಿವು ಶೇ 84.5ರಿಂದ 56.5ಕ್ಕೆ ಕುಸಿಯಿತು, ಸೇದುವ ಸಾಧ್ಯತೆಗೆ ತೆರೆದುಕೊಂಡ ಮಕ್ಕಳ ಪ್ರಮಾಣ 43.3ರಿಂದ 52.9ಕ್ಕೆ ಏರಿತು. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕಾದ ಬಜೆಟ್ಟಿನಲ್ಲಿ ಇಂಥ ಕೆಲಸ ಕೂರುವುದಿಲ್ಲ, ಎರಡು ವರ್ಷಕ್ಕೆ ಒಟ್ಟಿಗೆ ಮಂಜೂರಾತಿ ಬೇಕು.

ಹಣ ಎಲ್ಲಿ ಹಾಕಬೇಕು? ಸಂಜೆಯ ಧಾರಾವಾಹಿ ಹೊತ್ತಿನಲ್ಲಿ ಅಲ್ಲ, ಆಗ ಟಿವಿ ಮುಂದೆ ಹದಿನೇಳರವರು ಇರುವುದಿಲ್ಲ. ಮೊಬೈಲಿನಲ್ಲಿ ತಪ್ಪಿಸಲಾಗದ 15 ಸೆಕೆಂಡಿನದೊಂದು, ನೆನಪಿಸಲು 6 ಸೆಕೆಂಡಿನದೊಂದು, ಉದ್ದುದ್ದ ಪರದೆಗೆ ಹೊಂದುವಂತೆ. ಧ್ವನಿ ಬಂದ್ ಮಾಡಿಕೊಂಡು ನೋಡುವವರೇ ಹೆಚ್ಚಾದ್ದರಿಂದ ಕನ್ನಡ ಅಕ್ಷರ ದೊಡ್ಡದಾಗಿ ಚಿತ್ರದೊಳಗೇ ಇರಬೇಕು, ಮೊದಲ ಎರಡು ಸೆಕೆಂಡಿನಲ್ಲಿ ಮುಖ ಮತ್ತು ಮಾತು ಬಂದುಬಿಡಬೇಕು. ಇಲಾಖೆಯ ಲಾಂಛನ, ಗಣ್ಯರ ಭಾವಚಿತ್ರ ಅಲ್ಲಿ ಬಂದರೆ ಬೆರಳು ಮುಂದಕ್ಕೆ ಸರಿಸಿಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 9ನೇ ಸೆಕ್ಷನ್ 18ರೊಳಗಿನವರ ಜಾಡು ಹಿಡಿದು ಜಾಹೀರಾತು ತೋರಿಸುವುದಕ್ಕೆ ಅಡ್ಡಿ ಹೇಳುತ್ತದೆ. ಹಾಗಾಗಿ ವ್ಯಕ್ತಿಯನ್ನು ಹುಡುಕದೆ ಜಾಗವನ್ನು ಕೊಳ್ಳಿ: ಕ್ರಿಕೆಟ್ ಮುಖ್ಯಾಂಶ, ಕನ್ನಡ ಹಾಡು, ಗೇಮಿಂಗ್ ವಿಡಿಯೊ, ಜಿಲ್ಲಾವಾರು. ವಿದ್ಯಾರ್ಥಿ ಪಾಸಿನಲ್ಲಿ ದಿನಾ ಹಳ್ಳಿಯಿಂದ ಊರಿಗೆ ಬಂದುಹೋಗುವವರು ಸಾರಿಗೆ ಬಸ್ಸಿನ ಸೀಟಿನ ಬೆನ್ನನ್ನು ಅರ್ಧ ಗಂಟೆ ನೋಡುತ್ತಾ ಕೂರುತ್ತಾರೆ, ಅದಕ್ಕಿಂತ ಅಗ್ಗದ ಜಾಗ ಇನ್ನೊಂದಿಲ್ಲ.

ಬಿಡಲು ನೆರವಾಗುವ 1800-11-2356 ಸಹಾಯವಾಣಿಯಲ್ಲಿ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡವೂ ಸಿಗುತ್ತದೆ. ಆ ಸಂಖ್ಯೆಯನ್ನು ಜಾಹೀರಾತಿನಲ್ಲಿ ಹಾಕಿ, ಆದರೆ ಸಹಾಯವಾಣಿ ತೆರೆದಿರುವ ಸಮಯ ನೋಡಿಕೊಂಡು ಸ್ಲಾಟ್ ಕೊಳ್ಳಿ. ಧೈರ್ಯ ಮಾಡಿ ಒಮ್ಮೆ ಕರೆ ಮಾಡಿದ ಹುಡುಗನಿಗೆ ಬರೀ ರಿಂಗಿನ ಸದ್ದು ಕೇಳಿಸಿದರೆ ಎರಡನೆಯ ಸಲ ಮಾಡುವುದಿಲ್ಲ.

ಕೊನೆಯದಾಗಿ ಅಳತೆ. ಎಷ್ಟು ಲಕ್ಷ ವೀಕ್ಷಣೆ ಎನ್ನುವುದು ಖರ್ಚಿನ ಲೆಕ್ಕ, ಫಲದ ಲೆಕ್ಕವಲ್ಲ. ಮೊದಲ ಆರು ತಿಂಗಳು ಅರ್ಧ ಜಿಲ್ಲೆಗಳಲ್ಲಿ ಮಾತ್ರ ಪ್ರಚಾರ ನಡೆಸಿ, ಉಳಿದವುಗಳೊಂದಿಗೆ ಹೋಲಿಸಿ, ಆಮೇಲೆ ಎಲ್ಲೆಡೆಗೆ ಹರಡಿ. 16ರಿಂದ 20ರ ವಯಸ್ಸಿನವರಲ್ಲಿ ಸಮೀಕ್ಷೆ ಮಾಡುವಾಗ ನಿಜವಾದ ಜಾಹೀರಾತುಗಳ ವಿವರಣೆಯ ನಡುವೆ ಇಲ್ಲದ ಜಾಹೀರಾತು ಒಂದನ್ನು ಸೇರಿಸಿ. ಅದನ್ನೂ ನೋಡಿದ್ದೇನೆ ಎಂದವರ ಪ್ರಮಾಣದಷ್ಟು ಉಳಿದ ಉತ್ತರಗಳನ್ನು ಅನುಮಾನಿಸಿ. ಮುಖ್ಯ ಪ್ರಶ್ನೆ ಒಂದೇ, ಜಗತ್ತಿನ ಬೇರೆಡೆಯ ಸಮೀಕ್ಷೆಗಳಲ್ಲೂ ಕೇಳುವಂಥದ್ದು: ‘ನಿನ್ನ ಆಪ್ತ ಗೆಳೆಯನೊಬ್ಬ ಸಿಗರೇಟು ಕೊಟ್ಟರೆ ಸೇದುತ್ತೀಯಾ?’ ಖಂಡಿತ ಹೌದು, ಬಹುಶಃ ಹೌದು, ಬಹುಶಃ ಇಲ್ಲ, ಖಂಡಿತ ಇಲ್ಲ. ಇದರಲ್ಲಿ ‘ಖಂಡಿತ ಇಲ್ಲ’ ಎಂದವರನ್ನು ಮಾತ್ರ ಸುರಕ್ಷಿತರೆಂದು ಎಣಿಸಬೇಕು, ‘ಬಹುಶಃ ಇಲ್ಲ’ ಎಂದವನು ಇನ್ನೂ ಆ ಚಹಾದಂಗಡಿಯ ಮುಂದೆಯೇ ನಿಂತಿದ್ದಾನೆ. ಈ ಪ್ರಶ್ನೆಯನ್ನು ಮೊದಲ ಜಾಹೀರಾತು ಹೊರಬೀಳುವ ಮುಂಚೆ ಒಮ್ಮೆ, 12ನೇ ತಿಂಗಳಿನಲ್ಲಿ ಒಮ್ಮೆ, 24ನೇ ತಿಂಗಳಿನಲ್ಲಿ ಒಮ್ಮೆ ಕೇಳಿಸಿ, ಮೂರೂ ಸಲದ ಉತ್ತರವನ್ನು ಜಿಲ್ಲಾವಾರು ಸಾರ್ವಜನಿಕರ ಮುಂದಿಡಿ. ಮುಂದಿನ ಜುಲೈಗೆ ಪ್ರಚಾರ ಶುರುವಾಗಬೇಕಾದರೆ ಮೊದಲ ಸಮೀಕ್ಷೆಯ ಟೆಂಡರು ಡಿಸೆಂಬರಿನೊಳಗೆ ಆಗಬೇಕು.

ಇಂತಿ,
ತಂಬಾಕು ನಿಯಂತ್ರಣ ಮತ್ತು ಆರೋಗ್ಯ ಸಂವಹನದಲ್ಲಿ ದುಡಿಯುವ ಕೆಲವರು